ಪೀಂ ಅಕ್ಕ ಮತ್ತು ನಾಲ್ಕು ಕಿವುಡು ಮೆಷಿನ್ನುಗಳು

ಪೀಂ ಅಕ್ಕನಿಗೆ ಆ ಅಡ್ಡಹೆಸರು ಬಂದದ್ದು ಅವಳ ಕೆಲಸದಿಂದ. ಇಪ್ಪತ್ತೊಂದು ವರ್ಷದಿಂದ ಅವಳು ದೊಡ್ಡಾಸ್ಪತ್ರೆಯ ಕಿವಿ ವಿಭಾಗದಲ್ಲಿ ಟೆಕ್ನಿಷಿಯನ್. ಸದ್ದು ನುಗ್ಗದ ಪುಟ್ಟ ಕೋಣೆ, ಅದಕ್ಕೊಂದು ಗಾಜಿನ ಕಿಟಕಿ, ಕಿಟಕಿಯ ಈಚೆ ಇವಳು, ಆಚೆ ಹೆಡ್‌ಫೋನ್ ಹಾಕಿಕೊಂಡು ಗಾಬರಿಯಿಂದ ಕೂತ ಯಾರೋ ಒಬ್ಬರು. “ಪೀಂ ಅಂತ ಕೇಳಿಸಿದ ತಕ್ಷಣ ಬೆರಳೆತ್ತಿ. ಕೇಳಿಸದಿದ್ರೆ ಎತ್ತಬೇಡಿ. ಇಷ್ಟೇ,” ಎಂದು ದಿನಕ್ಕೆ ಮೂವತ್ತು ಸಲ ಹೇಳಿ ಹೇಳಿ, ಕೊನೆಗೆ ಕ್ಯಾಂಟೀನಿನವರಿಗೂ ಅವಳು ಪೀಂ ಅಕ್ಕ ಆಗಿಬಿಟ್ಟಳು.

ಕೇಳಿಸದಿದ್ದರೂ ಬೆರಳೆತ್ತುವವರು ಎಷ್ಟು ಜನ ಗೊತ್ತಾ! ಒಬ್ಬರಿಗೆ ಕೆಲಸ ಹೋಗುತ್ತದೆಂಬ ಹೆದರಿಕೆ, ಇನ್ನೊಬ್ಬರಿಗೆ ಹೆಂಡತಿಯ ಮುಂದೆ ಮರ್ಯಾದೆಯ ಪ್ರಶ್ನೆ. ಎಲ್ಲರನ್ನೂ ಪೀಂ ಅಕ್ಕ ಕ್ಷಣದಲ್ಲಿ ಹಿಡಿಯುತ್ತಾಳೆ. ಅವಳ ಮದುವೆಯಾದದ್ದೇ ಹಾಗೆ. ಮೂವತ್ತು ವರ್ಷ ಪವರ್‌ಲೂಮ್ ಶೆಡ್ಡಿನ ಗದ್ದಲದಲ್ಲಿ ದುಡಿದ ಹೆಂಗಸೊಬ್ಬರು ಪರೀಕ್ಷೆಗೆ ಬಂದಿದ್ದರು. ಗಾಜಿನ ಆಚೆಯಿಂದ ಇವಳ ಹೆಬ್ಬೆರಳು ಗುಂಡಿ ಒತ್ತುವುದನ್ನು ಓರೆಗಣ್ಣಿನಲ್ಲಿ ನೋಡಿ, ಒತ್ತಿದಾಗಲೆಲ್ಲ ಠಕ್ಕಂತ ಬೆರಳೆತ್ತುತ್ತಿದ್ದರು. ಪೀಂ ಅಕ್ಕ ಒಂದು ಫೈಲನ್ನು ಅಡ್ಡ ಇಟ್ಟಳು. ಬೆರಳು ಏಳುವುದು ನಿಂತಿತು.

“ಅಮ್ಮಾ, ನೀವು ಕೇಳ್ತಾ ಇಲ್ಲ, ನೋಡ್ತಾ ಇದೀರ.”

ಆಕೆ ಬಿದ್ದು ಬಿದ್ದು ನಕ್ಕರು. ಎರಡು ವಾರ ಬಿಟ್ಟು ಮಗನ ಕೈ ಹಿಡಿದು ಎಳೆದುಕೊಂಡೇ ಬಂದರು. “ಊರಲ್ಲಿ ಯಾರೂ ನನ್ನ ಕಳ್ಳಾಟ ಹಿಡಿದಿರಲಿಲ್ಲ. ನಮ್ಮ ಮನೆಗೆ ಇವಳೇ ಬೇಕು!” ಎಂದು ಶೆಡ್ಡಿನ ದನಿಯಲ್ಲಿ ಕೂಗಿದಾಗ ಇಡೀ ಹೊರರೋಗಿ ವಿಭಾಗ ತಿರುಗಿ ನೋಡಿತಂತೆ. ಮಗ ಡ್ರೈವರ್. ಮುಂದೆ ಅದೇ ಆಸ್ಪತ್ರೆಯ ಕಿವಿ ಪರೀಕ್ಷೆಯ ವ್ಯಾನಿಗೆ ಅವನೇ ಡ್ರೈವರಾದ. ಅವನು ವ್ಯಾನನ್ನು ಕಾರ್ಖಾನೆಯ ಗೇಟಿನ ಹತ್ತಿರ ನಿಲ್ಲಿಸುವುದು, ಇವಳು ಒಬ್ಬೊಬ್ಬರನ್ನೇ ಒಳಗೆ ಕರೆದು ಕಿವಿ ನೋಡುವುದು. ಹನ್ನೊಂದು ವರ್ಷ ಹೀಗೇ ನಡೆಯಿತು.

ವ್ಯಾನಿನಲ್ಲಿ ಬೆರಳೆತ್ತಿಸುವ ಪರೀಕ್ಷೆಯ ಜೊತೆ ಇನ್ನೊಂದಿತ್ತು. ಕಿವಿಯೊಳಗೆ ಮೆತ್ತನೆಯ ಬಿರಡೆ ಇಟ್ಟು ಟಿಕ್ ಟಿಕ್ ಎಂಬ ಸದ್ದು ಬಿಟ್ಟರೆ, ಆರೋಗ್ಯವಾಗಿರುವ ಕಿವಿ ಅದಕ್ಕೆ ತಾನೂ ಒಂದು ಸಣ್ಣ ಸದ್ದು ಮಾಡಿ ಉತ್ತರ ಕೊಡುತ್ತದೆ. ಹೌದು, ಕಿವಿಯೇ ಸದ್ದು ಮಾಡುತ್ತದೆ! ಬಿರಡೆಯೊಳಗಿನ ಪುಟಾಣಿ ಮೈಕ್ ಅದನ್ನು ರೆಕಾರ್ಡ್ ಮಾಡುತ್ತದೆ. ಇದರಲ್ಲಿ ಯಾರೂ ಕಳ್ಳಾಟ ಆಡುವ ಹಾಗಿಲ್ಲ. ವಯಸ್ಸಾಗಿ ಮಂದವಾದ ಕಿವಿಯ ಉತ್ತರ ಅತಿ ಕೀಚಲು ಸ್ವರದ ಕಡೆಯಿಂದ ಮೆಲ್ಲಗೆ ಇಳಿಜಾರಾಗುತ್ತಾ ಬರುತ್ತದೆ. ಗದ್ದಲದಿಂದ ಕೆಟ್ಟ ಕಿವಿಯಲ್ಲಾದರೆ ಅದಕ್ಕಿಂತ ಸ್ವಲ್ಪ ಕೆಳಗಿನ ಒಂದು ಜಾಗದಲ್ಲಿ ಹಳ್ಳ ಬೀಳುತ್ತದೆ, ರಸ್ತೆಯಲ್ಲಿ ಗುಂಡಿ ಬಿದ್ದ ಹಾಗೆ. ಪೀಂ ಅಕ್ಕನ ಹತ್ತಿರ ಅಂಥ ನಾಲ್ಕು ಸಾವಿರದ ನೂರ ಹನ್ನೆರಡು ಕಿವಿಗಳ ರೆಕಾರ್ಡಿಂಗ್ ಇತ್ತು.

ಈಗ ವ್ಯಾನನ್ನೇ ನಿಲ್ಲಿಸುವ ಮಾತು ಬಂದಿತ್ತು. ಆಸ್ಪತ್ರೆಯ ಸೂಪರಿಂಟೆಂಡೆಂಟ್ ಎಲ್ಲ ಕಾರ್ಮಿಕರ ಪರೀಕ್ಷೆಗಳ ಸರಾಸರಿ ತೆಗೆಸಿ, ಸರಾಸರಿ ವಯಸ್ಸು ನಲವತ್ತನಾಲ್ಕು ಎಂದು ತೋರಿಸಿ, “ಇದೆಲ್ಲ ವಯಸ್ಸಿನಿಂದ ಬರೋ ಮಂದ. ಇದಕ್ಕೆ ವ್ಯಾನ್ ಯಾಕೆ? ಕೇಳಿಸದವರು ಇಲ್ಲಿಗೇ ಬರ್ಲಿ,” ಎಂದು ಬರೆದಿದ್ದರು. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಸಮಿತಿ ಕೂತು ತೀರ್ಮಾನಿಸುವುದಿತ್ತು.

“ಕಿವಿ ಹೋಗ್ತಾ ಇದೆ ಅಂತ ಗೊತ್ತಾಗೋ ಹೊತ್ತಿಗೆ ಅದು ಹೋಗಿರುತ್ತೆ ಸಾರ್. ಆಮೇಲೆ ಇಲ್ಲಿಗೆ ಬಂದು ಏನ್ ಮಾಡ್ಬೇಕು, ನನ್ನ ಮುಖ ನೋಡ್ಕೊಂಡು ಹೋಗ್ಬೇಕಾ?” ಎಂದು ಪೀಂ ಅಕ್ಕ ಕೇಳಿದಳು.

“ಗಂಡನ ಸ್ಟಿಯರಿಂಗ್ ಉಳಿಸೋಕೆ ಎಷ್ಟು ಒದ್ದಾಡ್ತೀರಮ್ಮಾ,” ಎಂದರು ಸೂಪರಿಂಟೆಂಡೆಂಟ್.

ಆ ಮಾತು ಅವಳಿಗೆ ಮೆಣಸಿನಕಾಯಿ ಇಟ್ಟ ಹಾಗಾಯಿತು. “ಅವರನ್ನ ನಾಳೇನೇ ಆಂಬುಲೆನ್ಸಿಗೆ ಹಾಕಿ ಸಾರ್. ವ್ಯಾನನ್ನ ಬೇಕಾದವರು ಓಡಿಸ್ಲಿ. ನನಗೆ ಓಡೋ ವ್ಯಾನ್ ಬೇಕು.”

“ಹಾಗಾದ್ರೆ ಸಾಬೀತು ಮಾಡಿ.”

“ಮಾಡ್ತೀನಿ.”

ಬಾಯಲ್ಲಿ ಹೇಳುವುದು ಸುಲಭ! ಅಷ್ಟೂ ರೆಕಾರ್ಡಿಂಗ್ ಅವಳ ಕೋಣೆಯ ಕಂಪ್ಯೂಟರಿನಲ್ಲಿ ತೆರೆದರೆ ಅದು ಮೂರನೇ ನಿಮಿಷಕ್ಕೆ ಪ್ರಾಣ ಬಿಡುತ್ತಿತ್ತು. ಅದಕ್ಕೆ ಬೇಕಾಗಿದ್ದದ್ದು ಕ್ಲಸ್ಟರ್. ಆಸ್ಪತ್ರೆಯ ಕಾಂಪೌಂಡಿನ ಆಚೆ ಬದಿಗೆ ಸಂಶೋಧನಾ ಸಂಸ್ಥೆಯ ಕಟ್ಟಡವಿದೆ. ಅದರ ತಳಮಹಡಿಯ ತಣ್ಣನೆಯ ಕೋಣೆಯಲ್ಲಿ ನಲವತ್ತು ದೈತ್ಯ ಕಂಪ್ಯೂಟರುಗಳು ಒಟ್ಟಿಗೆ ಗುಂಯ್‌ಗುಡುತ್ತಾ ನಿಂತಿವೆ. ಸಂಸ್ಥೆಗೂ ಆಸ್ಪತ್ರೆಗೂ ಸೇರಿ ಅದೊಂದೇ ಬಾವಿ, ಕೊಡ ಹಿಡಿದು ನಿಂತವರು ಇನ್ನೂರು ಜನ. ಎಷ್ಟು ಮೆಮೊರಿ ಬೇಕು, ಎಷ್ಟು ಗಂಟೆ ಬೇಕು ಎಂದು ನಿಮ್ಮ ಜಾಗದಿಂದಲೇ ಕೇಳಿ ಸರದಿಯಲ್ಲಿ ನಿಲ್ಲಬೇಕು.

ಹೆಚ್ಚಿನವರು ಕೆಲಸವನ್ನು ಬರೆದು ಒಪ್ಪಿಸಿ ಹೋಗುತ್ತಾರೆ. ಅದಕ್ಕೆ ಬ್ಯಾಚ್ ಎನ್ನುತ್ತಾರೆ. ಕಾಗದ ಬರೆದು ಟಪಾಲು ಡಬ್ಬಕ್ಕೆ ಹಾಕಿದ ಹಾಗೆ, ಉತ್ತರ ಬಂದಾಗ ಬಂತು. ನೋಟ್‌ಬುಕ್ ಅಂದರೆ ಹಾಗಲ್ಲ. ಅದು ಎದುರು ಕೂತು ಮಾತಾಡುವುದು. ಎರಡು ಸಾಲು ಬರೆದು ಗುಂಡಿ ಒತ್ತಿದರೆ ಅದರ ಕೆಳಗೇ ಉತ್ತರ ಬರುತ್ತದೆ, ಗ್ರಾಫ್ ಬರುತ್ತದೆ. ಅದನ್ನು ನೋಡಿ ಮುಂದಿನ ಪ್ರಶ್ನೆ ಕೇಳಬಹುದು. ಪೀಂ ಅಕ್ಕನಿಗೆ ಇದೇ ಆಗಬೇಕಿತ್ತು. ಯಾಕೆಂದರೆ ವ್ಯಾನಿನ ರೆಕಾರ್ಡಿಂಗಿನಲ್ಲಿ ಕಿವಿಯ ಸದ್ದು ಮಾತ್ರ ಇರುವುದಿಲ್ಲ. ಜನರೇಟರಿನ ಗೊರಗೊರ, ಉಗುಳು ನುಂಗಿದ ಸದ್ದು, ಪಕ್ಕದಲ್ಲಿ ಗಂಡ ಬಾಗಿಲು ದಬ್ಬೆಂದು ಹಾಕಿದ್ದು, ಎಲ್ಲವೂ ಸೇರಿರುತ್ತದೆ. ಯಾವುದು ಕಿವಿ, ಯಾವುದು ಕಸ ಎಂದು ಗ್ರಾಫನ್ನು ಕಣ್ಣಾರೆ ನೋಡಿ ಹೇಳಬಲ್ಲವಳು ಇವಳೊಬ್ಬಳೇ. ನೋಟ್‌ಬುಕ್ ಕಲಿಯಲು ಅವಳು ಸಂಸ್ಥೆಯ ಮೂರು ವಾರದ ತರಗತಿಗೆ ಹೋಗಿದ್ದಳು. ಅಲ್ಲಿ ಎಲ್ಲರೂ ಇಪ್ಪತ್ತರ ಆಸುಪಾಸು, ಇವಳಿಗೆ ನಲವತ್ತಾರು. ಮೊದಲ ದಿನ ಯಾರೋ ಇವಳನ್ನೇ ಟೀಚರ್ ಎಂದುಕೊಂಡು ಎದ್ದು ನಿಂತರು, ಇವಳು ಕೂತ್ಕೊಳ್ಳಿ ಎಂದು ಕೈ ಮಾಡಿದಳು!

ನೋಟ್‌ಬುಕ್ಕಿಗೆಂದು ಭಾರಿ ಮೆಮೊರಿಯ ನಾಲ್ಕು ಮೆಷಿನ್ನುಗಳನ್ನು ಬೇರೆ ಇಟ್ಟಿದ್ದರು. ಒಬ್ಬರಿಗೆ ಒಂದು ಸಲಕ್ಕೆ ಎಂಟು ಗಂಟೆ. ಒಂದು ಗಂಟೆ ಸುಮ್ಮನೆ ಬಿಟ್ಟರೆ ಮೆಷಿನ್ ತಾನೇ ಕಿತ್ತುಕೊಂಡು ಮುಂದಿನವರಿಗೆ ಕೊಡುತ್ತದೆ. ನ್ಯಾಯವಾದ ನಿಯಮ. ಆದರೆ ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಎಲ್ಲ ಕಡೆ ಇರುತ್ತಾರಲ್ಲ! ಸಂಸ್ಥೆಯ ಮೂರನೇ ಮಹಡಿಯ ವಿಭಾಗದವರು ಒಂದು ಉಪಾಯ ಹುಡುಕಿದ್ದರು. ಬೆಳಿಗ್ಗೆ ಬಂದ ಕೂಡಲೇ ನಾಲ್ಕು ಜನ ನಾಲ್ಕು ನೋಟ್‌ಬುಕ್ ತೆರೆದು, ಹತ್ತು ನಿಮಿಷಕ್ಕೊಮ್ಮೆ ಒಂದು ಚುಕ್ಕೆ ಬರೆಯುವ ಎರಡು ಸಾಲನ್ನು ಓಡಲು ಬಿಡುವುದು. ಚುಕ್ಕೆ ಬೀಳುತ್ತಿದ್ದರೆ ಮೆಷಿನ್ನಿಗೆ ಇವರು ಕೆಲಸದಲ್ಲಿದ್ದಾರೆ ಎಂದೇ ಲೆಕ್ಕ. ಆಮೇಲೆ ಟೀ, ಹರಟೆ, ಬೇಕೆನಿಸಿದಾಗ ಕೆಲಸ. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆದ ಹಾಗೆಯೇ. ಅದಕ್ಕೆ ಅವರೊಳಗೇ ಇದ್ದ ಹೆಸರೂ ಟವೆಲ್ಲೇ: “ಟವೆಲ್ ಹಾಕಿದ್ಯೇನೋ?” “ಒಂಬತ್ತು ಹತ್ತಕ್ಕೇ ಹಾಕ್ದೆ.”

ಪೀಂ ಅಕ್ಕ ಬೆಳಿಗ್ಗೆಯಿಂದ ಒಂದರವರೆಗೆ ರೋಗಿಗಳನ್ನು ನೋಡಿ, ಊಟದ ಡಬ್ಬಿ ಮುಚ್ಚಿಟ್ಟು ಒಂದೂವರೆಗೆ ಸರದಿಗೆ ಸೇರಿದರೆ ತೆರೆಯ ಮೇಲೆ ಒಂದೇ ಪದ: ‘ಕಾಯುತ್ತಿದೆ’. ಎಂಟು ದಿನ ಅದೇ ಪದ. ಕ್ಲಸ್ಟರ್ ನೋಡಿಕೊಳ್ಳುವವರನ್ನು ಎಲ್ಲರೂ ಸರದಿ ಸಾರ್ ಎನ್ನುತ್ತಿದ್ದರು. ಒಳ್ಳೆಯವರೇ, ಆದರೆ ಮೂರನೇ ಮಹಡಿ ಎಂದರೆ ಅವರಿಗೆ ನಾಲಗೆ ಒಣಗುತ್ತಿತ್ತು.

“ಮೇಡಂ, ನಾನೇನ್ ಮಾಡ್ಲಿ? ನಿಯಮದ ಪ್ರಕಾರ ಅವರು ಕೆಲಸ ಮಾಡ್ತಾ ಇದಾರೆ.”

“ಚುಕ್ಕೆ ಇಡೋದು ಕೆಲಸಾನಾ?”

“ಚುಕ್ಕೆನೋ ಚಿತ್ರನೋ, ಮೆಷಿನ್ನಿಗೆ ಗೊತ್ತಾಗಲ್ವಲ್ಲ ಮೇಡಂ. ನೀವು ಬ್ಯಾಚ್ ಹಾಕಿಬಿಡಿ.”

ಸಮಿತಿ ಕೂರುವ ವಾರದ ಸೋಮವಾರ ಅವಳ ತಾಳ್ಮೆ ಕಿತ್ತುಹೋಯಿತು, ಅವಳು ಮಾಡಬಾರದ ಕೆಲಸ ಮಾಡಿದಳು. ಕ್ಲಸ್ಟರಿಗೆ ಒಂದು ಬಾಗಿಲ ಮೆಷಿನ್ ಇದೆ. ಇನ್ನೂರು ಜನರೂ ಅದರ ಮೂಲಕವೇ ಒಳಗೆ ಹೋಗಬೇಕು. ಅಲ್ಲಿ ಚೀಟಿ ಬರೆದು ಮುಂದೆ ಹೋಗಬೇಕೇ ಹೊರತು ಅಲ್ಲೇ ಕೂತು ಅಡುಗೆ ಮಾಡಬಾರದು. ಇದು ತರಗತಿಯ ಮೊದಲ ದಿನದ ಮೊದಲ ಪಾಠ. “ಒಂದೇ ಒಂದು ಕಾರ್ಖಾನೆ, ಬರೀ ಇನ್ನೂರು ಕಿವಿ, ಐದೇ ನಿಮಿಷ,” ಎಂದುಕೊಂಡು ಪೀಂ ಅಕ್ಕ ಬಾಗಿಲಲ್ಲೇ ನೋಟ್‌ಬುಕ್ ಬಿಚ್ಚಿದಳು. ನಾಲ್ಕನೇ ನಿಮಿಷಕ್ಕೆ ಬಾಗಿಲ ಮೆಷಿನ್ ಬಿತ್ತು. ಇಡೀ ಸಂಸ್ಥೆಯ ತೆರೆಗಳು ಕಲ್ಲಾದವು. ತಣ್ಣನೆಯ ಕೋಣೆಯ ಹೊರಗೆ ಚಪ್ಪಲಿ ಬಿಟ್ಟಿದ್ದ ಸರದಿ ಸಾರ್ ಗಾಬರಿಯಲ್ಲಿ ಒಂದೇ ಕಾಲಿಗೆ ಸಿಕ್ಕಿಸಿಕೊಂಡು ಕಾಂಪೌಂಡ್ ದಾಟಿ ಓಡಿ ಬಂದರು.

“ಮೇಡಂ! ನೀವಾ? ನೀವೂ ಹೀಗೆ ಮಾಡಿದ್ರೆ ಹೇಗೆ?”

“ನಾನೇ,” ಎಂದಳು. ಮುಖ ಕೆಂಪಾಗಿತ್ತು, ಆದರೆ ತಲೆ ತಗ್ಗಿಸಲಿಲ್ಲ.

ಶಿಕ್ಷೆಯೂ ನಿಯಮದಲ್ಲೇ ಇತ್ತು. ಗುರುವಾರ ಬೆಳಿಗ್ಗೆ ಹತ್ತರವರೆಗೆ ಅವಳ ಖಾತೆ ಬಂದ್, ಜೊತೆಗೆ ಎಲ್ಲ ಬಳಕೆದಾರರಿಗೂ ಕಳಿಸುವಂಥ ಒಂದು ತಪ್ಪೊಪ್ಪಿಗೆ ಪತ್ರ. ಅವಳು ಅಲ್ಲೇ ಕೂತು ಬರೆದಳು. ಇನ್ನೂರು ಜನ ಓದಿದ ಆ ಪತ್ರ ಇಷ್ಟೇ: ‘ತಪ್ಪು ನನ್ನದು. ಬಾಗಿಲಲ್ಲಿ ಕೂತು ಎಲ್ಲರ ದಾರಿಗೆ ಅಡ್ಡವಾದೆ. ಕ್ಷಮಿಸಿ. ಒಳಗೆ ನಾಲ್ಕು ಕುರ್ಚಿ ಖಾಲಿ ಇದ್ದವು, ನಾಲ್ಕರ ಮೇಲೂ ಟವೆಲ್ ಇತ್ತು.’

ಅವತ್ತು ಸಂಜೆ ಮನೆಯಲ್ಲಿ ಅವಳು ಪಾತ್ರೆ ಕುಕ್ಕುತ್ತಿದ್ದ ರಭಸಕ್ಕೆ ಗಂಡ ಹತ್ತಿರ ಸುಳಿಯಲಿಲ್ಲ. ಅತ್ತೆಗೆ ಪಾತ್ರೆಯ ಸದ್ದು ಕೇಳಿಸಲಿಲ್ಲ, ಸೊಸೆಯ ಭುಜ ಕಾಣಿಸಿತು. ಶೆಡ್ಡಿನಲ್ಲಿ ಮೂವತ್ತು ವರ್ಷ ಕೈಸನ್ನೆ, ತುಟಿಗಳ ಚಲನೆಯಲ್ಲೇ ಮಾತಾಡಿದವರು ಅವರು. ಅವರಿಗೆ ಭುಜ ನೋಡಿದರೆ ಸಾಕು. “ಏನಾಯ್ತೇ?” ಎಂದು ಪಕ್ಕದ ಮನೆಯವರಿಗೂ ಕೇಳುವ ಹಾಗೆ ಕೇಳಿದರು.

ಪೀಂ ಅಕ್ಕ ಅವರ ಎದುರು ಕೂತು, ತುಟಿ ಬಿಡಿಸಿ ಬಿಡಿಸಿ ಎಲ್ಲ ಹೇಳಿದಳು. “ಎಷ್ಟು ಸಲ ಹೇಳ್ದೆ ಅತ್ತೆ, ವಿನಯವಾಗೇ ಹೇಳ್ದೆ. ಯಾರೂ ಕಿವಿಗೆ ಹಾಕ್ಕೊಳ್ಳಲ್ಲ.”

“ಕೇಳಿಸದವರ ಮುಂದೆ ಮೆತ್ತಗೆ ಮಾತಾಡಿದ್ರೆ ತಪ್ಪು ಅವರದಲ್ಲ ಕಣೇ, ನಿಂದು,” ಎಂದು ಅತ್ತೆ ಸೊಸೆಯ ತಲೆಗೊಂದು ಮೊಟಕಿದರು. “ನನಗೆ ಹೇಳ್ಬೇಕಾದ್ರೆ ಏನ್ ಮಾಡ್ತೀಯ? ಎದುರಿಗೆ ಬಂದು ಕೂತು ತೋರಿಸ್ತೀಯ ತಾನೇ? ಅವರಿಗೂ ತೋರ್ಸು.”

ತೋರಿಸುವುದು! ಸಂಸ್ಥೆಯ ತಳಮಹಡಿಯ ಲಿಫ್ಟಿನ ಪಕ್ಕದಲ್ಲಿ ಗೋಡೆಗೊಂದು ದೊಡ್ಡ ತೆರೆ ನೇತು ಹಾಕಿದ್ದಾರೆ. ಯಾವ ಮೆಷಿನ್ ಯಾರ ಹತ್ತಿರ ಇದೆ, ಅವರು ಕೇಳಿ ಪಡೆದ ಮೆಮೊರಿ ಎಷ್ಟು, ನಿಜವಾಗಿ ಬಳಸುತ್ತಿರುವುದು ಎಷ್ಟು ಎಂಬುದೆಲ್ಲ ಅದರ ಮೇಲೆ ಸದಾ ಓಡುತ್ತಿರುತ್ತದೆ. ಗಡಿಯಾರದ ಹಾಗೆ ಅದೂ ಗೋಡೆಯ ಭಾಗವಾಗಿಹೋಗಿತ್ತು, ಯಾರೂ ನೋಡುತ್ತಿರಲಿಲ್ಲ. ಅದನ್ನು ನೋಡಲು ಖಾತೆ ಬೇಕಿಲ್ಲ, ಕಣ್ಣಿದ್ದರೆ ಸಾಕು. ಮಂಗಳವಾರ ಮತ್ತು ಬುಧವಾರ ಪೀಂ ಅಕ್ಕ ರೋಗಿಗಳ ನಡುವೆ ಸಿಕ್ಕ ಸಿಕ್ಕ ಬಿಡುವಿನಲ್ಲಿ ಕಾಂಪೌಂಡ್ ದಾಟಿ ಬಂದಳು, ಊಟದ ಹೊತ್ತಿನಲ್ಲಿ ಡಬ್ಬಿ ಹಿಡಿದು ಆ ತೆರೆಯ ಮುಂದೆಯೇ ನಿಂತಳು. ಬಂದಾಗಲೆಲ್ಲ ನಾಲ್ಕೂ ಮೆಷಿನ್ನುಗಳ ಅಂಕಿ ಬರೆದುಕೊಂಡಳು. ಕೇಳಿದ್ದು ಐನೂರು ಜಿಬಿ, ಬಳಸಿದ್ದು ಎರಡು. ಕೇಳಿದ್ದು ಐನೂರು, ಬಳಸಿದ್ದು ಒಂದೂವರೆ.

ಬರೆದುಕೊಂಡದ್ದು ಯಾವುದರ ಮೇಲೆ ಅಂತೀರಿ? ಅವಳ ಚೀಲದಲ್ಲಿ ಯಾವಾಗಲೂ ಇರುವ ಕಾಗದದ ಮೇಲೆಯೇ, ಅಂದರೆ ಕಿವಿ ಪರೀಕ್ಷೆಯ ಖಾಲಿ ಚಾರ್ಟುಗಳ ಮೇಲೆ. ಆ ಚಾರ್ಟಿಗೆ ಅದರದೇ ಭಾಷೆ ಇದೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಕದ ಚಿಹ್ನೆ. ಗುರುತು ಕೆಳಗೆ ಇಳಿದಷ್ಟೂ ಕಿವಿ ಮಂದ. ಅತಿ ಜೋರು ಸದ್ದಿಗೂ ಉತ್ತರ ಬರದಿದ್ದರೆ ಗುರುತಿನ ಬುಡಕ್ಕೆ ಕೆಳಮುಖವಾದ ಒಂದು ಸಣ್ಣ ಬಾಣ. ಪೀಂ ಅಕ್ಕ ಒಂದು ಮೆಷಿನ್ ಬಲಗಿವಿ, ಇನ್ನೊಂದು ಎಡಗಿವಿ ಎಂದು ಎರಡೆರಡಾಗಿ ಜೋಡಿಸಿ ಎರಡು ಚಾರ್ಟ್ ಬರೆದು, ಅಕ್ಕಪಕ್ಕ ಸೇರಿಸಿ ಒಂದೇ ಹಾಳೆ ಮಾಡಿದಳು. ಎರಡು ದಿನದ ಗುರುತುಗಳೆಲ್ಲ ಚಾರ್ಟಿನ ತಳದಲ್ಲಿ ಸಾಲಾಗಿ ಕೂತವು, ಪ್ರತಿಯೊಂದಕ್ಕೂ ಬಾಲದ ಹಾಗೆ ಬಾಣ. ಕೆಳಗೆ ಷರಾ ಬರೆಯುವ ಜಾಗದಲ್ಲಿ ತನ್ನ ದುಂಡನೆಯ ಅಕ್ಷರದಲ್ಲಿ ಬರೆದಳು: ‘ನಾಲ್ಕೂ ಕಿವಿ ಪೂರ್ತಿ ಕಿವುಡು. ಪರೀಕ್ಷೆ ಮಾಡಿದವರು’, ಅದರ ಮುಂದೆ ಸಹಿ.

ಬುಧವಾರ ಮೂರೂವರೆಗೆ, ಟೀ ಹೊತ್ತಿಗೆ ಸರಿಯಾಗಿ, ಅದನ್ನು ಲಿಫ್ಟಿನ ಬಾಗಿಲ ಪಕ್ಕದ ಗೋಡೆಗೇ ಅಂಟಿಸಿದಳು.

ಮೊದಲು ಒಬ್ಬರು ನಿಂತರು. ಆಮೇಲೆ ನಾಲ್ವರು. ಲಿಫ್ಟು ಬಂದು ಬಾಗಿಲು ತೆರೆದರೂ ಯಾರೂ ಒಳಗೆ ಹೋಗಲಿಲ್ಲ. ಗಿಡಗಳ ವಿಭಾಗದವರೊಬ್ಬರು ಜೋರಾಗಿ ನಕ್ಕರು. ಭೂಕಂಪ ಅಳೆಯುವ ವಿಭಾಗದ ಒಬ್ಬಾಕೆ ನಗಲಿಲ್ಲ. “ನಂದು ಹನ್ನೊಂದು ದಿನದಿಂದ ಕ್ಯೂನಲ್ಲೇ ಇದೆ. ನನ್ನ ಕೋಡೇ ಸರಿ ಇಲ್ವೇನೋ ಅಂತ ನಾಲ್ಕು ಸಲ ತಿದ್ದಿದೆ ಕಣ್ರೀ!” ಎಂದಳು. ಆ ಹೊತ್ತಿಗೆ ಮೂರನೇ ಮಹಡಿಯ ಮುಖ್ಯಸ್ಥರೇ ಮೆಟ್ಟಿಲಿಳಿದು ಬಂದರು.

“ಏನ್ರೀ ಇದು?”

“ಆಡಿಯೋಗ್ರಾಮ್ ಸಾರ್, ಕಿವಿ ಪರೀಕ್ಷೆಯ ಚಾರ್ಟು.”

“ಯಾರದು?”

“ನೀವು ಹಿಡ್ಕೊಂಡಿರೋ ಮೆಷಿನ್ನುಗಳದ್ದು. ಎಷ್ಟು ಕೂಗಿದ್ರೂ ಉತ್ತರ ಇಲ್ಲ. ಕೆಳಗೆ ಬಾಣ ಹಾಕಿದೀನಿ ನೋಡಿ.”

ಗುಂಪಿನಲ್ಲಿ ಯಾರೋ ಟೀ ಕುಡಿಯುತ್ತಿದ್ದವರಿಗೆ ನೆತ್ತಿ ಹತ್ತಿತು. ಮುಖ್ಯಸ್ಥರು ಚಾರ್ಟನ್ನು ಪರ್ರನೆ ಕಿತ್ತರು. “ನಮ್ಮವರು ಸಂಶೋಧನೆ ಮಾಡ್ತಾರೆ. ನಿಮಗೆ ಅರ್ಥ ಆಗಲ್ಲ. ಯೋಚನೆ ಮಾಡೋಕೂ ಸಮಯ ಬೇಕು.”

“ಯೋಚನೆ ತಲೇಲಿ ಮಾಡ್ಲಿ ಸಾರ್, ಐನೂರು ಜಿಬಿಲಿ ಯಾಕೆ?” ಎನ್ನುತ್ತಾ ಪೀಂ ಅಕ್ಕ ಚೀಲಕ್ಕೆ ಕೈ ಹಾಕಿ, ಅದೇ ಚಾರ್ಟಿನ ಇನ್ನೊಂದು ಪ್ರತಿ ತೆಗೆದು ಅದೇ ಜಾಗಕ್ಕೆ ಅಂಟಿಸಿದಳು.

“ನೀವು ಸೋಮವಾರ ಬಾಗಿಲ ಮೆಷಿನ್ ಮಲಗಿಸಿದ ಟೆಕ್ನಿಷಿಯನ್ ತಾನೇ? ನೀವಾ ನಮಗೆ ಬುದ್ಧಿ ಹೇಳೋದು?”

“ಹೌದು ಸಾರ್, ಅವಳೇ. ಪತ್ರ ಬರ್ದು ಸಹಿ ಹಾಕಿದೀನಿ, ಶಿಕ್ಷೆನೂ ಅನುಭವಿಸ್ತಾ ಇದೀನಿ. ಟವೆಲ್ ಹಾಕಿದವರ ಪತ್ರ ಇನ್ನೂ ಯಾರಿಗೂ ಬಂದಿಲ್ಲ.”

ಅವರು ಎರಡನೆಯದನ್ನೂ ಕಿತ್ತರು. ಅವಳು ಮೂರನೆಯದನ್ನು ಅಂಟಿಸಿದಳು. “ಬಂಡಲ್‌ಗೆ ನೂರು ಬರುತ್ತೆ ಸಾರ್. ನಿಮ್ಮ ಕೈ ನೋಯುತ್ತೆ, ನಿಧಾನವಾಗಿ,” ಎಂದಳು. ಆಗ ಭೂಕಂಪದಾಕೆ ಮುಂದೆ ಬಂದು ಚಾರ್ಟಿಗೆ ಬೆನ್ನು ಕೊಟ್ಟು ಗೋಡೆಗೆ ಒರಗಿ ನಿಂತುಬಿಟ್ಟಳು. ಆಮೇಲೆ ಗಿಡಗಳ ವಿಭಾಗದವರು. ಇನ್ನು ಕೀಳಬೇಕಾದರೆ ಜನರನ್ನೇ ಕೀಳಬೇಕು!

ಸರದಿ ಸಾರ್ ಅಷ್ಟೂ ಹೊತ್ತು ತಣ್ಣನೆಯ ಕೋಣೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಈಗ ಹೊರಗೆ ಬಂದರು. ಹಣೆಯಲ್ಲಿ ಬೆವರು, ದನಿಯಲ್ಲಿ ನಡುಕ, ಆದರೂ ಬಂದರು. “ಸಾರ್, ಚಾರ್ಟ್ ಸರಿ ಇದೆ. ನಾನು ಮೆಷಿನ್ನಿನ ದಾಖಲೆ ಜೊತೆ ಹೋಲಿಸಿ ನೋಡ್ದೆ. ನಾಳೆಯಿಂದ ಚುಕ್ಕೆ ಎಣಿಸಲ್ಲ, ನಿಜವಾದ ಬಳಕೆ ನೋಡ್ತೀನಿ. ಒಂದು ಗಂಟೆ ಹೊತ್ತು ಬಳಕೆ ಕೇಳಿದ್ದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇದ್ರೆ ಮೆಷಿನ್ ವಾಪಸ್.”

“ಯಾರನ್ನ ಕೇಳಿ?”

“ನಿಯಮ ಬರೆಯೋದು ನನ್ನ ಕೆಲಸ ಸಾರ್,” ಎಂದರು ಸರದಿ ಸಾರ್. ತಮ್ಮ ಬಾಯಿಂದಲೇ ಆ ಮಾತು ಬಂತೇ ಎಂದು ಅವರಿಗೇ ಅಚ್ಚರಿಯಾದ ಹಾಗಿತ್ತು. ಆಮೇಲೆ ಪೀಂ ಅಕ್ಕನ ಹತ್ತಿರ ಬಂದು ಪಿಸುಗುಟ್ಟಿದರು: “ನಾಳೆ ಹತ್ತಕ್ಕೆ ನಿಮ್ಮ ಖಾತೆ ಬಿಡ್ತೀನಿ ಮೇಡಂ. ನಿಮ್ಮನ್ನೇ ಮೊದಲು ಹಾಕ್ಲಾ?”

“ಬೇಡ. ಸರದಿಲೇ ಬರ್ತೀನಿ,” ಎಂದಳು ಅವಳು, ಪಿಸುಗುಡದೆ.

ಗುರುವಾರ ಅವಳು ರಜೆ ಹಾಕಿದಳು. ಹತ್ತಕ್ಕೆ ಸರದಿಗೆ ಸೇರಿದಾಗ ಮುಂದೆ ಒಂದಿಷ್ಟು ಜನ ಇದ್ದರು. ಹನ್ನೆರಡಾಗಲು ಕಾಲು ಗಂಟೆ ಇರುವಾಗ ‘ಕಾಯುತ್ತಿದೆ’ ಹೋಗಿ ‘ಓಡುತ್ತಿದೆ’ ಬಂತು. ನಾಲ್ಕು ಸಾವಿರದ ನೂರ ಹನ್ನೆರಡು ಕಿವಿಗಳೂ ಒಂದೇ ಸಲ ತೆರೆದವು, ಮೆಷಿನ್ ಒಂದು ಸಲವೂ ಏದುಸಿರು ಬಿಡಲಿಲ್ಲ. ಅನುಮಾನ ಬಂದ ರೆಕಾರ್ಡಿಂಗುಗಳನ್ನು ಅದು ಆರಿಸಿ ಕೊಟ್ಟಿತು, ಆರುನೂರ ಹನ್ನೊಂದು. ಒಂದೊಂದನ್ನೂ ತೆರೆದು ನೋಡಿದಳು. ಇದು ಜನರೇಟರ್, ತೆಗೆ. ಇದು ಕೆಮ್ಮು, ತೆಗೆ. ಇದು ಕಸವಲ್ಲ, ಪಾಪ, ಈ ಕಿವಿ ನಿಜವಾಗಿಯೂ ಹೀಗೇ, ಇರಲಿ. ಒಂದರಲ್ಲಿ ಗಂಡ ಬಾಗಿಲು ಹಾಕಿದ್ದು ಎಷ್ಟು ಚೆನ್ನಾಗಿ ದಾಖಲಾಗಿತ್ತೆಂದರೆ ಅವನಿಗೆ ಅಲ್ಲಿಂದಲೇ ಫೋನ್ ಮಾಡಿ ಬೈದಳು. ಸಂಜೆಯ ಹೊತ್ತಿಗೆ ಇನ್ನೂರ ನಲವತ್ತು ಕಿವಿಗಳನ್ನು ಹೊರಗಿಟ್ಟಿದ್ದಳು, ಒಂದೊಂದಕ್ಕೂ ಕಾರಣ ಬರೆದು.

ಉಳಿದವುಗಳಲ್ಲಿ ಹಳ್ಳ ಕಂಡಿತು, ಹೌದು. ಆದರೆ ಐವತ್ತೈದು ದಾಟಿದವರಲ್ಲಿ ಅದು ಕಾಣಲಿಲ್ಲ. ವಯಸ್ಸಿನ ಇಳಿಜಾರು ಅದನ್ನು ನುಂಗಿಬಿಟ್ಟಿತ್ತು. ಅವಳು ಆ ಸಾಲನ್ನು ತುಂಬಾ ಹೊತ್ತು ನೋಡಿದಳು. ಅತ್ತೆಯ ಕಿವಿಯೂ ಆ ಗುಂಪಿನಲ್ಲಿತ್ತು. ಆ ಸಾಲನ್ನು ಅಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಅಳಿಸಲಿಲ್ಲ.

ಶುಕ್ರವಾರ ಸಮಿತಿಯ ಕೋಣೆಗೆ ಎಲ್ಲರೂ ಅಚ್ಚು ಹಾಕಿಸಿದ ವರದಿ ಹಿಡಿದು ಬಂದರು. ಪೀಂ ಅಕ್ಕ ಲ್ಯಾಪ್‌ಟಾಪ್ ಹಿಡಿದು ಬಂದಳು. ಹನ್ನೆರಡಕ್ಕೇ ಅವಳಿಗೆ ಮತ್ತೊಂದು ಮೆಷಿನ್ ಸಿಕ್ಕಿತ್ತು. ಹಿಂದಿನ ದಿನದ್ದು ಯಾವುದೂ ಮರೆಯಲ್ಲಿ ಉಳಿಯದಿರಲಿ ಎಂದು ನೋಟ್‌ಬುಕ್ಕನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಹೊಸದಾಗಿ ಓಡಿಸಿ, ತೆರೆದಿಟ್ಟುಕೊಂಡೇ ಬಂದಿದ್ದಳು. ಅದನ್ನು ಗೋಡೆಯ ಮೇಲೆ ಮೂಡಿಸಿ ಸುಮ್ಮನೆ ನಿಂತಳು.

“ನಿಮ್ಮ ವರದಿ ಎಲ್ಲಿ?” ಎಂದರು ಸೂಪರಿಂಟೆಂಡೆಂಟ್.

“ಇದೇ. ನೀವು ಕೇಳಿ, ಅದು ಹೇಳುತ್ತೆ.”

ಸಮಿತಿಯಲ್ಲಿ ಹೊರಗಿನಿಂದ ಬಂದ ಒಬ್ಬ ಮಕ್ಕಳ ಡಾಕ್ಟರ್ ಇದ್ದರು, ಬೆಳ್ಳಿಗೂದಲಿನ ಹೆಂಗಸು. ಕನ್ನಡಕ ಏರಿಸಿಕೊಂಡು, “ಇಪ್ಪತ್ತೈದರ ಒಳಗಿನವರನ್ನ ಮಾತ್ರ ತೋರಿಸ್ತೀರಾ?” ಎಂದರು.

ಪೀಂ ಅಕ್ಕ ಒಂದು ಸಾಲು ಬದಲಿಸಿ ಗುಂಡಿ ಒತ್ತಿದಳು. ಹನ್ನೊಂದು ಸೆಕೆಂಡು. ಗೋಡೆಯ ಮೇಲೆ ಗೆರೆ ಮೂಡಿತು. ನೆಟ್ಟಗೆ ಹೋಗುತ್ತಾ ಹೋಗುತ್ತಾ ಒಂದು ಕಡೆ ಗುಳಕ್ಕನೆ ಕೆಳಗಿಳಿದು, ಮತ್ತೆ ಮೇಲೆದ್ದಿತು. ಇಪ್ಪತ್ತೆರಡು ಇಪ್ಪತ್ಮೂರರ ಕಿವಿಗಳಲ್ಲಿ ಹಳ್ಳ!

“ಈಗಿನ ಹುಡುಗರು ಇಡೀ ದಿನ ಇಯರ್‌ಫೋನ್ ಹಾಕ್ಕೊಂಡಿರ್ತಾರೆ. ಅದರಿಂದಲೇ ಇರಬಹುದಲ್ಲ,” ಎಂದರು ಸೂಪರಿಂಟೆಂಡೆಂಟ್.

“ಒಳ್ಳೆ ಪ್ರಶ್ನೆ ಸಾರ್,” ಎಂದಳು, ನಿಜವಾಗಿಯೂ ಮೆಚ್ಚಿ. “ಅದೇ ಕಾರ್ಖಾನೆಗಳ ಆಫೀಸಲ್ಲಿ ಕೂರೋರು, ಅದೇ ವಯಸ್ಸು. ಇಯರ್‌ಫೋನ್ ಅವರಿಗೂ ಇದೆ. ಶೆಡ್ಡು ಇಲ್ಲ.” ಮತ್ತೆ ಹನ್ನೊಂದು ಸೆಕೆಂಡು. ಎರಡನೇ ಗೆರೆ ಮೊದಲನೆಯದರ ಮೇಲೆ ಬಂದು ಕೂತಿತು. ಅದರಲ್ಲಿ ಹಳ್ಳವಿರಲಿಲ್ಲ.

“ಐವತ್ತೈದು ದಾಟಿದವರದ್ದು ತೋರಿಸಿ,” ಎಂದರು ಸೂಪರಿಂಟೆಂಡೆಂಟ್, ಬಿಡದೆ.

ತೋರಿಸಿದಳು. ಶೆಡ್ಡಿನವರ ಗೆರೆ, ಆಫೀಸಿನವರ ಗೆರೆ ಎರಡೂ ಒಂದಕ್ಕೊಂದು ಅಂಟಿಕೊಂಡು ಜಾರಿದವು.

“ನೋಡಿದ್ರಾ!” ಸೂಪರಿಂಟೆಂಡೆಂಟ್ ಮೇಜು ತಟ್ಟಿದರು. “ವ್ಯತ್ಯಾಸವೇ ಇಲ್ಲ. ನಾನು ಹೇಳಿದ್ದೂ ಇದನ್ನೇ.”

“ಹೌದು ಸಾರ್, ಅವರಲ್ಲಿ ಯಾವುದು ವಯಸ್ಸು, ಯಾವುದು ಗದ್ದಲ ಅಂತ ನನಗೂ ಹೇಳೋಕಾಗಲ್ಲ. ಹೇಳಲ್ಲ. ನಮ್ಮತ್ತೆನೂ ಅವರಲ್ಲೊಬ್ಬರು. ಅವರಿಗೆ ಇಪ್ಪತ್ತೆರಡಾಗಿದ್ದಾಗ ಶೆಡ್ಡಿನ ಮುಂದೆ ಯಾವ ವ್ಯಾನೂ ಬಂದಿರಲಿಲ್ಲ. ಈಗ ಇಪ್ಪತ್ತೆರಡಾಗಿರೋರ ಮುಂದೆನೂ ಬರಬಾರದು ಅಂತೀರಾ? ಹಾಗಿದ್ರೆ ಆ ಗೆರೆ ನೋಡ್ಕೊಂಡು ಹೇಳಿ, ನನ್ನನ್ನ ನೋಡ್ಕೊಂಡು ಬೇಡ.”

ಮಕ್ಕಳ ಡಾಕ್ಟರ್ ಇನ್ನೂ ಎರಡು ಪ್ರಶ್ನೆ ಕೇಳಿದರು, ಒಂದು ಉಕ್ಕಿನ ರೋಲಿಂಗ್ ಮಿಲ್ಲಿನದು, ಇನ್ನೊಂದು ಬಾಟಲಿ ಕಾರ್ಖಾನೆಯದು. ಎರಡಕ್ಕೂ ಗೋಡೆಯೇ ಉತ್ತರ ಕೊಟ್ಟಿತು. ಬಾಟಲಿ ಕಾರ್ಖಾನೆಯಲ್ಲಿ ಹಳ್ಳ ಚಿಕ್ಕದಿತ್ತು. ನಾಲ್ಕು ವರ್ಷದ ಹಿಂದೆ ವ್ಯಾನಿನ ಪರೀಕ್ಷೆ ನೋಡಿ ಅಲ್ಲಿನವರು ಎಲ್ಲ ಕಾರ್ಮಿಕರಿಗೂ ಗದ್ದಲ ತಡೆಯುವ ಕಿವಿಯ ಬಿರಡೆ ಕೊಟ್ಟಿದ್ದರು. ಡಾಕ್ಟರ್ ಕನ್ನಡಕ ತೆಗೆದು, “ವ್ಯಾನ್ ನಿಲ್ಲಿಸೋ ಪ್ರಶ್ನೆಯೇ ಇಲ್ಲ. ಹೊಸಬರನ್ನ ಸೇರಿಸ್ಕೊಂಡ ವರ್ಷದಿಂದಲೇ ನೋಡ್ಬೇಕು,” ಎಂದರು. ಮತ್ತಿಬ್ಬರು ತಲೆಯಾಡಿಸಿದರು.

ಸೂಪರಿಂಟೆಂಡೆಂಟ್ ಫೈಲ್ ಮುಚ್ಚಿದರು. “ಸರಿ, ಸರಿ. ತೀರ್ಮಾನವನ್ನ ಮುಂದಿನ ವಾರ ಬರೆದು ಎಲ್ಲರಿಗೂ ಕಳಿಸೋಣ.”

ಎಲ್ಲರೂ ಕುರ್ಚಿ ಹಿಂದೆ ಸರಿಸಿದರು. ಅಷ್ಟೂ ಹೊತ್ತು ನಿಂತೇ ಇದ್ದ ಪೀಂ ಅಕ್ಕ ಮಾತ್ರ ಈಗ ಒಂದು ಕುರ್ಚಿ ಎಳೆದುಕೊಂಡು, ಸಮಿತಿಯ ನಡಾವಳಿ ಬರೆಯುವ ಗುಮಾಸ್ತರ ಎದುರಿಗೆ ಗಟ್ಟಿಯಾಗಿ ಕೂತಳು.

“ಮುಂದಿನ ವಾರ ಯಾಕೆ ಸಾರ್? ಪೆನ್ನಿದೆ, ಕಾಗದ ಇದೆ, ಹೇಳಿದವರೆಲ್ಲ ಇಲ್ಲೇ ಇದಾರೆ. ಈಗಲೇ ಬರೀರಿ. ಸೋಮವಾರ ಏಳಕ್ಕೆ ವ್ಯಾನ್ ರೋಲಿಂಗ್ ಮಿಲ್ಲಿಗೆ ಹೊರಡ್ಬೇಕು.”

“ನೀವು ಹೋಗಿ ಅಮ್ಮಾ, ಬರೆಸ್ತೀವಿ.”

“ಬರೆಸಿ. ಕೂತಿರ್ತೀನಿ.”

ಎದ್ದಿದ್ದ ಮಕ್ಕಳ ಡಾಕ್ಟರ್ ನಗುತ್ತಾ ಮತ್ತೆ ಕೂತರು. ಗುಮಾಸ್ತರು ಸೂಪರಿಂಟೆಂಡೆಂಟರ ಮುಖ ನೋಡಿದರು, ಪೀಂ ಅಕ್ಕನ ಮುಖ ನೋಡಿದರು, ಪೆನ್ನಿನ ಮುಚ್ಚಳ ತೆಗೆದರು. ಸಾಲು ಮುಗಿದು ಮೂರು ಸಹಿ ಬೀಳುವವರೆಗೆ ಅವಳು ಅಲ್ಲಾಡಲಿಲ್ಲ. ಆಮೇಲೆ ಎದ್ದು, ಕ್ಲಸ್ಟರಿನ ಮೆಷಿನ್ನನ್ನು ಮುಂದಿನವರಿಗೆ ಬಿಟ್ಟುಕೊಟ್ಟು, ಗಂಡನಿಗೆ ಫೋನ್ ಮಾಡಿದಳು: “ಡೀಸೆಲ್ ಹಾಕಿಸಿ.”